ಚಿತ್ರ ಅಂಟಿಸುವುದು ಬೇರೆ, ವಿನ್ಯಾಸ ಬೇರೆ

ಮೊಬೈಲ್ ಕವರ್ ಮೇಲೆ ವಾರ್ಲಿ ಚಿತ್ರ. ಮಗ್ ಮೇಲೆ ವಾರ್ಲಿ ಚಿತ್ರ. ಲ್ಯಾಪ್‌ಟಾಪ್ ಬ್ಯಾಗ್ ಮೇಲೆ ಮಧುಬನಿ ಮೀನು, ಅದರ ಪಕ್ಕ ‘ಪರಂಪರೆಗೆ ಹೊಸ ರೂಪ’ ಅಂತ ಒಂದು ಸಾಲು. ಇಂಥದ್ದು ಕಂಡಾಗಲೆಲ್ಲ ನನಗೆ ಸಣ್ಣಗೆ ಕಿರಿಕಿರಿ ಆಗುತ್ತದೆ. ಚಿತ್ರ ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗೇ ಇರುತ್ತದೆ. ಆದರೆ ಅಲ್ಲಿ ಯಾವ ಕಸುಬು ಉಳಿಯಿತು ಹೇಳಿ? ಯಾರೋ ಕಂಪ್ಯೂಟರ್‌ನಲ್ಲಿ ಗೀರಿದರು, ಮೆಷಿನ್ ಛಾಪಿಸಿತು. ಅಕ್ಕಿ ಹಿಟ್ಟು ಕಲಸಿ, ಬಿದಿರು ಕಡ್ಡಿಯ ತುದಿ ಜಜ್ಜಿ ಬ್ರಷ್ ಮಾಡಿಕೊಂಡು ಮಣ್ಣಿನ ಗೋಡೆ ಮೇಲೆ ಬರೆಯುವ ವಾರ್ಲಿ ಆದಿವಾಸಿಗಳಿಗೆ ಅದರಿಂದ ಏನೂ ಸಿಗಲಿಲ್ಲ, ಮಗ್ಗಿಗೂ ಏನೂ ಆಗಲಿಲ್ಲ. ಮೊದಲು ಎಷ್ಟು ಬಿಸಿ ಹಿಡಿಯುತ್ತಿತ್ತೋ ಈಗಲೂ ಅಷ್ಟೇ.

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಅನ್ನುವವನು ನಾನಲ್ಲ. ಮುಟ್ಟದೇ ಬಿಟ್ಟರೆ ಅದು ಮ್ಯೂಸಿಯಂ ಗಾಜಿನ ಹಿಂದೆ ಹೋಗಿ ಕೂರುತ್ತದೆ, ಅಷ್ಟೇ. ಹಳೇ ಕಸುಬು, ಹಳೇ ಗಾಡಿ, ಹಳೇ ಕಲೆ ಯಾವುದನ್ನೇ ಇವತ್ತಿಗೆ ಹೊಂದಿಸಿದರೂ ನಾನು ನೋಡುವುದು ಒಂದೇ: ಕೆಲಸ ಏನಾಯಿತು? ಮಾಡುವ ಕೈಗೆ ಕೆಲಸ ಸಿಕ್ಕಿತಾ, ಬಳಸುವ ಮೈಗೆ ಭಾರ ಇಳಿಯಿತಾ. ರೂಪದ ಮಾತು ಆಮೇಲೆ.

ಚನ್ನಪಟ್ಟಣದ ಗೊಂಬೆಯನ್ನೇ ತಗೊಳ್ಳಿ. ಎಲ್ಲರಿಗೂ ಗೊತ್ತಿರುವ ಬಣ್ಣ, ಹೊಳಪು. ಆದರೆ ಆ ಹೊಳಪು ಬರುವ ಬಗೆ ಇದೆಯಲ್ಲ, ಇಡೀ ಕಸುಬು ಇರುವುದೇ ಅದರಲ್ಲಿ. ಹಾಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ ತುಂಡು ಮಾಡಿ ಲೇತಿಗೆ, ಅಂದರೆ ಮರವನ್ನು ಗಿರ್ರನೆ ತಿರುಗಿಸುವ ಯಂತ್ರಕ್ಕೆ, ಕಟ್ಟುತ್ತಾರೆ. ತಿರುಗುವ ಮರಕ್ಕೆ ಉಳಿ ಕೊಟ್ಟು ಆಕಾರ ತರುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದೇ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ಬ್ರಷ್ ಬೇಡ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ತಾಳೆಗರಿಯ ತುಂಡೊಂದನ್ನು ಒತ್ತಿದರೆ ಗಂಟುಗಂಟಾಗಿ ಕೂತಿದ್ದ ಬಣ್ಣ ಒಂದೇ ಸಮ ಹರಡಿಕೊಂಡು ಕನ್ನಡಿ ಥರ ಮಿನುಗುತ್ತದೆ. ಕಡ್ಡಿಯನ್ನು ಎಷ್ಟು ಒತ್ತಬೇಕು, ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು ಕೈಗೆ ಮಾತ್ರ ಗೊತ್ತು. ಕಮ್ಮಿ ಒತ್ತಿದರೆ ಹತ್ತುವುದಿಲ್ಲ, ಜಾಸ್ತಿ ಒತ್ತಿದರೆ ಕಲೆ ಬೀಳುತ್ತದೆ.

ಈಗ ವಿನ್ಯಾಸ ಮಾಡುವವರ ಜಾಗದಲ್ಲಿ ನಿಂತು ಇದನ್ನು ನೋಡಿ. ಈ ಕಸುಬಿಗೆ ಎರಡು ಕಟ್ಟುಪಾಡು. ಒಂದು, ತಿರುಗುವ ಮರದಿಂದ ಬರುವುದೆಲ್ಲ ದುಂಡಗೇ ಇರುತ್ತದೆ. ಮೊಟ್ಟೆ, ಕೋಲು, ಬಳೆ, ಬುಗುರಿ, ಮಣಿ, ಬಟ್ಟಲು. ಚೌಕಕ್ಕೆ ಅರಗು ಹಾಕೋಣ ಅಂದರೆ ಆಗಲ್ಲ, ತಿರುಗದಿದ್ದರೆ ಕರಗುವುದೇ ಇಲ್ಲವಲ್ಲ. ಎರಡು, ಅರಗಿಗೆ ಬಿಸಿ ಆಗಿಬರುವುದಿಲ್ಲ. ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಅಂದಮೇಲೆ ಟೀ ಕಪ್ ಮಾಡಬೇಡಿ. ಅಂಗಿಯ ಗುಂಡಿ ಮಾಡಬಹುದು, ಆದರೆ ಇಸ್ತ್ರಿ ಪೆಟ್ಟಿಗೆಯಿಂದ ದೂರ ಇಡಿ ಅಂತ ಹೇಳಿಯೇ ಮಾರಬೇಕು. ಅಗ್ಗದ ಪ್ಲಾಸ್ಟಿಕ್ ಆಟಿಕೆ ಮಾರುಕಟ್ಟೆ ತುಂಬಿದಾಗ ಈ ಕಸುಬಿಗೆ ಕಷ್ಟ ಬಂತು. ಆಗ ಕೈ ಹಿಡಿದವು ಏನು ನೋಡಿ: ಡ್ರಾಯರ್ ಹಿಡಿ, ಬಳೆ, ಕರ್ಟನ್ ಉಂಗುರ, ದೀಪದ ಕಂಬ, ಲೆಕ್ಕ ಕಲಿಸುವ ಮಣಿಚೌಕಟ್ಟು. ಎಲ್ಲವೂ ದುಂಡಗಿನ ವಸ್ತು, ಬಿಸಿಯ ಗೊಡವೆ ಇಲ್ಲದ್ದು. ಅದೇ ಲೇತ್, ಅದೇ ಅರಗು, ಅದೇ ಕೈ. ಮಾಡುವ ವಸ್ತು ಮಾತ್ರ ಬೇರೆ. ಇದನ್ನು ನಾನು ವಿನ್ಯಾಸ ಅಂತೀನಿ.

ಮಕ್ಕಳ ಆಟಿಕೆಗೆ ಇನ್ನೊಂದು ತಲೆನೋವಿದೆ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಚೂರು ಇರಬಾರದು ಅಂತ ಸುರಕ್ಷತಾ ನಿಯಮ ಹೇಳುತ್ತದೆ. ಅದನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಸಿಲಿಂಡರ್ ಇದೆ. ಕಿತ್ತು ಬರುವ ಭಾಗ ಅದರೊಳಗೆ ಪೂರ್ತಿ ಮುಳುಗಿದರೆ ಆಟಿಕೆ ಫೇಲ್. ಹಳೇ ಮಾದರಿಯ ಗೊಂಬೆಗೆ ಅಂಟಿಸಿದ ಪುಟ್ಟ ಮೂಗು, ಟೋಪಿಯ ಮೇಲಿನ ಗುಂಡು ಇವೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಮೂಗನ್ನು ಅಂಟಿಸುವ ಬದಲು ಇಡೀ ತಲೆಯನ್ನೇ ಮೂಗಿನ ಉಬ್ಬು ಸಮೇತ ಒಂದೇ ಮರದಲ್ಲಿ ತೆಗೆಯಬೇಕು, ಅಥವಾ ಮೂಗನ್ನೇ ಬಿಟ್ಟು ಒಂದು ಬಣ್ಣದ ಪಟ್ಟಿ ಬಿಡಬೇಕು. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಬಹುಮಾನ ಬರುವುದಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಎಷ್ಟು ಚೆಂದದ ಗೊಂಬೆಯೂ ಮಗುವಿನ ಕೈಗೆ ಹೋಗುವಂತಿಲ್ಲ.

ದುಂಡಗಿನದರ ಮಾತು ಬಂತಲ್ಲ, ಜರ್ಮನಿಯ ಸೈಫೆನ್ ಅನ್ನುವ ಹಳ್ಳಿಯವರು ಇದೇ ಕಟ್ಟುಪಾಡನ್ನು ಅನುಕೂಲ ಮಾಡಿಕೊಂಡ ಬಗೆ ನನಗೆ ಈಗಲೂ ಬೆರಗು. ಅಲ್ಲೂ ಲೇತ್, ಅಲ್ಲೂ ಮರದ ಆಟಿಕೆ. ಅವರು ದೊಡ್ಡ ಮರದ ಬಿಲ್ಲೆಯೊಂದನ್ನು ತಿರುಗಿಸುತ್ತಾ ಒಳಗೆ, ಹೊರಗೆ, ಮೇಲೆ, ಕೆಳಗೆ ಕೊರೆಯುತ್ತಾರೆ. ನೋಡುವವರಿಗೆ ಅದು ವಿಚಿತ್ರ ಏರಿಳಿತದ ಒಂದು ಬಳೆ, ಅಷ್ಟೇ. ಆ ಬಳೆಯನ್ನು ಕೇಕ್ ಕತ್ತರಿಸಿದ ಹಾಗೆ ಸೀಳಿದರೆ ಒಂದೊಂದು ಹೋಳೂ ಒಂದೊಂದು ಕುದುರೆ! ಅಥವಾ ಹಸು, ಅಥವಾ ಆನೆ. ಕೊರೆಯುವಾಗ ಪ್ರಾಣಿ ಕಾಣುವುದೇ ಇಲ್ಲ, ಸೀಳಿದ ಮೇಲೇ ಗೊತ್ತಾಗುವುದು ಕಾಲು ಸರಿ ಬಂತಾ ಇಲ್ಲವಾ ಅಂತ. ಒಂದು ಬಳೆಯಿಂದ ಹತ್ತಾರು ಪ್ರಾಣಿ. ಕಮ್ಮಿ ದುಡ್ಡಿಗೆ ಜಾಸ್ತಿ ಆಟಿಕೆ ಮಾಡಲೇಬೇಕು ಅನ್ನುವ ಒತ್ತಡ ಬಂದಾಗ, ಸುಮಾರು ಇನ್ನೂರು ವರ್ಷದ ಹಿಂದೆ, ಆ ಕುಶಲಕರ್ಮಿಗಳೇ ಹುಡುಕಿಕೊಂಡ ಉಪಾಯ ಇದು. ವಿನ್ಯಾಸ ಶಾಲೆಗೆ ಹೋದವರು ಯಾರೂ ಬಂದು ಹೇಳಿಕೊಟ್ಟಿದ್ದಲ್ಲ.

ಹಾಗಾದರೆ ಹೊರಗಿನವರು ಬಂದು ಏನೂ ಮಾಡಲಾರರಾ? ಮಾಡಬಲ್ಲರು. ಇಸಾಮು ನೊಗುಚಿ ಅನ್ನುವ ಶಿಲ್ಪಿ 1951ರಲ್ಲಿ ಜಪಾನಿನ ಗಿಫು ಪಟ್ಟಣಕ್ಕೆ ಹೋದರು. ಗಿಫು ಕಾಗದದ ಕಂದೀಲಿಗೆ ಹೆಸರುವಾಸಿ. ಯುದ್ಧ ಮುಗಿದ ಮೇಲೆ ಆ ಕಸುಬು ಮಂಕಾಗಿತ್ತು, ಏನಾದರೂ ದಾರಿ ತೋರಿಸಿ ಅಂತ ಅಲ್ಲಿನ ಮೇಯರ್ ಕೇಳಿಕೊಂಡರು. ಕಂದೀಲು ಮಾಡುವ ಕ್ರಮ ಹೀಗೆ: ಮರದ ಹಲಗೆಗಳನ್ನು ಜೋಡಿಸಿ ಒಂದು ಅಚ್ಚು ಮಾಡುತ್ತಾರೆ, ಆ ಹಲಗೆಗಳ ಅಂಚಿನ ಕಚ್ಚಿನಲ್ಲಿ ತೆಳ್ಳನೆ ಬಿದಿರ ಸೀಳನ್ನು ಸುತ್ತುತ್ತಾ ಹೋಗುತ್ತಾರೆ, ಅದರ ಮೇಲೆ ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಅಂಟಿಸುತ್ತಾರೆ. ಒಣಗಿದ ಮೇಲೆ ಒಳಗಿನ ಹಲಗೆಗಳನ್ನು ಕಂದೀಲಿನ ಬಾಯಿಯಿಂದ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಉಳಿಯುವುದು ಮಡಚಿದರೆ ಚಪ್ಪಟೆಯಾಗುವ ಕಾಗದದ ಚೀಲ.

ನೊಗುಚಿ ಇದರಲ್ಲಿ ಏನನ್ನೂ ಕೆಡಿಸಲಿಲ್ಲ. ಕಾಗದ ಅದೇ, ಬಿದಿರು ಅದೇ, ಅಚ್ಚು ಕಳಚುವ ಕ್ರಮವೂ ಅದೇ. ಒಳಗಿದ್ದ ಮೇಣದ ಬತ್ತಿ ತೆಗೆದು ವಿದ್ಯುತ್ ಬಲ್ಬ್ ಇಟ್ಟರು. ಮೇಲಿದ್ದ ಹೂವಿನ ಚಿತ್ರ ತೆಗೆದುಹಾಕಿದರು. ಆಕಾರವನ್ನು ತಮ್ಮ ಶಿಲ್ಪದ ಕಣ್ಣಿನಿಂದ ನೋಡಿ ಎಳೆದರು, ಒತ್ತಿದರು, ಸೊಟ್ಟ ಮಾಡಿದರು. ಅಕಾರಿ ಅನ್ನುವ ಹೆಸರಿನಲ್ಲಿ ಹೊರಬಂದ ಈ ದೀಪಗಳ ನೂರಕ್ಕೂ ಹೆಚ್ಚು ಮಾದರಿ ಮಾಡಿದರು. 1986ರಲ್ಲಿ ವೆನಿಸ್‌ನ ಕಲಾಮೇಳದಲ್ಲೂ ಇವನ್ನು ತೋರಿಸಿದರು. ಗಿಫುವಿನಲ್ಲಿ ಇವತ್ತಿಗೂ ಅವನ್ನು ಕೈಯಲ್ಲೇ ಮಾಡುತ್ತಾರೆ. ಗಮನಿಸಿ, ಚಿತ್ರ ಹೋಯಿತು, ಕೆಲಸ ಉಳಿಯಿತು. ವಾರ್ಲಿ ಮಗ್ಗಿನಲ್ಲಿ ಆಗುವುದಕ್ಕೆ ನೇರ ಉಲ್ಟಾ.

ಚಪ್ಪಟೆಯಾಗುವ ಗುಣವೂ ಇಲ್ಲಿ ಲಾಭಕ್ಕೆ ಬಂತು. ಹಬ್ಬದ ಕಂದೀಲನ್ನು ಮಡಚಿ ಅಟ್ಟದ ಮೇಲೆ ಇಡಲು ಅನುಕೂಲ ಅಂತ ಹುಟ್ಟಿದ್ದೇ ಹಡಗಿನಲ್ಲಿ ಕಳಿಸಲೂ ಅನುಕೂಲವಾಯಿತು. ಹಳೇ ವಸ್ತುವಿನ ಒಳಗೆ ಇಂಥ ಗುಣ ಸುಮ್ನೆ ಕೂತಿರುತ್ತದೆ, ಅದನ್ನು ಹುಡುಕುವ ತಾಳ್ಮೆ ಬೇಕು. ಆಮೇಲೆ ತಂತಿ ಸುತ್ತಿದ ಅಗ್ಗದ ಕಾಗದದ ಗುಂಡು ದೀಪ ಎಲ್ಲಾ ಕಡೆ ಬಂತು ಅನ್ನುವುದು ಬೇರೆ ಮಾತು. ಒಳ್ಳೆಯ ವಿನ್ಯಾಸಕ್ಕೆ ನಕಲಿನ ಕಾಟ ಇದ್ದದ್ದೇ.

ಕಸುಬುದಾರರ ಕೈ ಗೊಂಬೆ, ದೀಪಕ್ಕಷ್ಟೇ ಅಂತ ಅಂದುಕೊಳ್ಳುವವರಿಗೆ ನಾನು ಯಾವಾಗಲೂ ಜೈಪುರ ಕಾಲಿನ ಕಥೆ ಹೇಳುತ್ತೇನೆ. ವಿದೇಶದಿಂದ ಬಂದ ಕೃತಕ ಕಾಲು ಬೂಟು ಹಾಕಿ ಕುರ್ಚಿಯ ಮೇಲೆ ಕೂರುವವರನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಪಾದ ಗಟ್ಟಿ, ಬಗ್ಗುವುದಿಲ್ಲ. ಬೂಟು ತೆಗೆದರೆ ನಡೆಯಲಾಗದು. ಆದರೆ ಕಾಲು ಕಳೆದುಕೊಂಡವರು ರೈತರು, ಕೂಲಿಯವರು. ಅವರು ಬರಿಗಾಲಲ್ಲಿ ಕೆಸರು ಗದ್ದೆಗೆ ಇಳಿಯಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು. ಕೋಳಿ ಕೇಳಿ ಯಾರಾದರೂ ಮಸಾಲೆ ಅರೀತಾರಾ, ಇವರನ್ನೂ ಯಾರೂ ಕೇಳಿರಲಿಲ್ಲ. ಕೊಟ್ಟ ಕಾಲನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುವವರೂ ಇದ್ದರು.

ಜೈಪುರದ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಅಂತ ಒಬ್ಬ ಕುಶಲಕರ್ಮಿ ಇದ್ದರು. ಜಾಸ್ತಿ ಓದಿದವರಲ್ಲ. ಎಲ್ಲರೂ ಮಾಸ್ಟರ್‌ಜಿ ಅನ್ನುತ್ತಿದ್ದರು. ಅಲ್ಲೇ ಮೂಳೆ ವೈದ್ಯರಾಗಿದ್ದ ಡಾ. ಪಿ.ಕೆ. ಸೇಠಿ ಮತ್ತು ಅವರು ಸೇರಿ 1968ರ ಹೊತ್ತಿಗೆ ರಬ್ಬರಿನ ಪಾದವೊಂದನ್ನು ಮಾಡಿದರು. ಒಳಗೆ ಮರದ ತುಂಡು ಮತ್ತು ಬೇರೆ ಬೇರೆ ಗಡಸುತನದ ರಬ್ಬರು, ಹೊರಗೆ ಚರ್ಮದ ಬಣ್ಣದ ರಬ್ಬರಿನ ಹೊದಿಕೆ, ಎಲ್ಲವನ್ನೂ ಅಚ್ಚಿನಲ್ಲಿಟ್ಟು ಟಯರ್ ಬೇಯಿಸುವ ರೀತಿಯಲ್ಲೇ ಬೇಯಿಸಿದ್ದು. ಎಲ್ಲ ಕಡೆಗೂ ಬಗ್ಗುತ್ತದೆ, ನೀರಿಗೆ ಹೆದರುವುದಿಲ್ಲ, ನೋಡಲೂ ಪಾದದ ಹಾಗೇ ಇದೆ. ಮೇಲಿನ ಕಾಲನ್ನು ಮೊದಮೊದಲು ಅಲ್ಯೂಮಿನಿಯಂ ಹಾಳೆ ತಟ್ಟಿ ಮಾಡುತ್ತಿದ್ದರು, ಪಾತ್ರೆ ತಟ್ಟುವ ಕೈಗೆ ಅದೇನು ಕಷ್ಟ? ಆಮೇಲೆ ನೀರಿನ ಕೊಳವೆಗೆ ಬಳಸುವ ಪ್ಲಾಸ್ಟಿಕ್ ಪೈಪನ್ನೇ ಕಾಯಿಸಿ ಕಾಲಿನ ಅಚ್ಚಿಗೆ ಎಳೆದು ಕೂರಿಸಲು ಶುರುಮಾಡಿದರು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಾಸ್ಟರ್‌ಜಿ ಹೆಸರು ಎಷ್ಟು ಜನಕ್ಕೆ ಗೊತ್ತು ಅಂತ ನೀವೇ ಯೋಚಿಸಿ.

ಕಲೆಯ ವಿಷಯಕ್ಕೆ ಬಂದರೆ ಕೆಲವೊಮ್ಮೆ ವಿನ್ಯಾಸ ಅಂದರೆ ಒಂದು ಕಾಗದ ಕೊಡುವುದು, ಅಷ್ಟೇ. 1966-67ರಲ್ಲಿ ಬಿಹಾರದಲ್ಲಿ ಬರ ಬಂತು. ಅಲ್ಲಿನ ಮಿಥಿಲೆ ಸೀಮೆಯ ಹೆಂಗಸರು ಮದುವೆ ಮನೆಯ ಗೋಡೆ ಮೇಲೆ ಬರೆಯುತ್ತಿದ್ದ ಮಧುಬನಿ ಚಿತ್ರವನ್ನು ಕಾಗದದ ಮೇಲೆ ಬರೆದರೆ ಮಾರಬಹುದು, ನಾಲ್ಕು ಕಾಸು ಬರುತ್ತದೆ ಅಂತ ಅಖಿಲ ಭಾರತ ಕರಕುಶಲ ಮಂಡಳಿ ಯೋಚಿಸಿತು. ಕರಕುಶಲ ಕ್ಷೇತ್ರದಲ್ಲಿ ದುಡಿದ ಪುಪುಲ್ ಜಯಕರ್ ಅವರು ಭಾಸ್ಕರ ಕುಲಕರ್ಣಿ ಅನ್ನುವ ಕಲಾವಿದರನ್ನು ಅಲ್ಲಿಗೆ ಕಳಿಸಿದರು. ಕಾಗದ ಕೈಗೆ ಬಂದ ಮೇಲೆ ಗೋಡೆಯ ಮೇಲೆ ಆಗದ್ದು ಆಯಿತು. ಗೋಡೆಯ ಒರಟುತನ ಹೋಗಿ ಗೆರೆ ಸಣ್ಣಗಾಯಿತು. ಮಳೆಗೆ ಅಳಿಸಿಹೋಗುತ್ತಿದ್ದ ಚಿತ್ರಕ್ಕೆ ಬರೆದವರ ಹೆಸರು ಅಂಟಿಕೊಂಡಿತು. ಗಂಗಾದೇವಿ ಅನ್ನುವ ಕಲಾವಿದೆ ಅದೇ ಸಣ್ಣ ಗೆರೆಯಲ್ಲಿ ಅಮೆರಿಕದ ರೋಲರ್ ಕೋಸ್ಟರ್ ಬರೆದರು. ಆಮೇಲೆ ಕ್ಯಾನ್ಸರ್ ಬಂದಾಗ ಆಸ್ಪತ್ರೆ, ಚಿಕಿತ್ಸೆ, ತಮ್ಮ ಕಾಯಿಲೆಯ ದಿನಗಳನ್ನೂ ಬರೆದರು. ಮದುವೆಯ ಕೋಣೆಗೆ ಅಂತ ಹುಟ್ಟಿದ ಗೆರೆ ಆಸ್ಪತ್ರೆಯ ಹಾಸಿಗೆಯನ್ನೂ ಹೇಳಬಲ್ಲದು ಅಂತ ತೋರಿಸಿದ್ದು ಯಾವ ವಿನ್ಯಾಸಕಾರರೂ ಅಲ್ಲ, ಆಕೆಯೇ. ದೆಹಲಿಯ ಕರಕುಶಲ ಮ್ಯೂಸಿಯಂನಲ್ಲಿ ಅವರು ಬರೆದಿದ್ದ ಗೋಡೆ ಚಿತ್ರವನ್ನು ನವೀಕರಣದ ಹೆಸರಿನಲ್ಲಿ ಅಳಿಸಿದರು ಅನ್ನುವುದು ಹೊಟ್ಟೆ ಉರಿಸುವ ಸಂಗತಿ. ನವೀಕರಣ ಅಂದಾಗ ನನಗೆ ಅನುಮಾನ ಬರುವುದು ಇಂಥದ್ದಕ್ಕೇ.

ಗಾಡಿಗಳ ವಿಷಯದಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ಇಲ್ಲಿ ಮಾಡುವ ಕೈಯೂ ಇದೆ, ಎಳೆಯುವ ಮೈಯೂ ಇದೆ. ಒಬ್ಬರಿಗೆ ಒಳ್ಳೆಯದಾದರೆ ಇನ್ನೊಬ್ಬರಿಗೆ ಪೆಟ್ಟು.

ಎತ್ತಿನ ಗಾಡಿಯ ಮರದ ಗಾಲಿ ಮಾಡುವುದು ಬಡಗಿ ಮತ್ತು ಕಮ್ಮಾರ ಇಬ್ಬರ ಜಂಟಿ ಕೆಲಸ. ಗಾಲಿಯ ನಡುವಿನ ಗುಂಬಕ್ಕೆ ಅರೆಕಾಲು ಅನ್ನುವ ಕಡ್ಡಿಗಳನ್ನು ಬಡಿದು ಹೊರಸುತ್ತು ಕೂಡಿಸುವುದು ಬಡಗಿ. ಗಾಲಿಗಿಂತ ಕೂದಲೆಳೆ ಚಿಕ್ಕದಾಗಿ ಕಬ್ಬಿಣದ ಹಳಿ, ಅಂದರೆ ಬಳೆಯಂಥ ಪಟ್ಟಿ, ಮಾಡಿ, ಸುತ್ತಲೂ ಬೆಂಕಿ ಹಾಕಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಗಾಲಿಗೆ ತೊಡಿಸಿ, ಹೊಗೆಯೆದ್ದು ಮರ ಸುಡುವ ಮೊದಲೇ ನೀರು ಸುರಿಯುವುದು ಕಮ್ಮಾರ. ಹಳಿ ಕುಗ್ಗಿ ಇಡೀ ಗಾಲಿಯನ್ನು ಹಿಂಡಿ ಹಿಡಿಯುತ್ತದೆ, ಮೊಳೆ ಬೇಕಿಲ್ಲ. ಅದ್ಭುತ ಕೆಲಸ. ಆದರೆ ಎತ್ತನ್ನು ಕೇಳಿದರೆ ಬೇರೆ ಕಥೆ ಹೇಳುತ್ತಿತ್ತೇನೋ! ಗಾಲಿ ಭಾರ, ಮೆತ್ತನೆ ನೆಲದಲ್ಲಿ ಹೂತುಕೊಳ್ಳುತ್ತದೆ, ಅಚ್ಚು ಉಜ್ಜುತ್ತದೆ. ಟೈರ್ ಗಾಡಿ ಬಂದಿದ್ದೇ ತಡ, ಅದೇ ಎತ್ತು ಎರಡು ಪಟ್ಟು ಹೇರು ಎಳೆಯತೊಡಗಿತು. ಬಡಗಿ, ಕಮ್ಮಾರರ ಕೆಲಸ ಹೋಯಿತು, ಪಂಕ್ಚರ್ ಹಾಕುವವನ ಕೆಲಸ ಶುರುವಾಯಿತು.

ಹಾಗಾದರೆ ಎತ್ತಿಗೆ ಸುಖ ಆಯಿತಾ? ಅರ್ಧ ಆಯಿತು. ಗಾಲಿ ಹಗುರವಾಗಿ ಉರುಳುತ್ತದೆ ಅಂತ ಜನ ಹೇರು ಜಾಸ್ತಿ ಮಾಡಿದರು. ಗಾಡಿಗೆ ಬ್ರೇಕ್ ಇಲ್ಲ, ಇಳಿಜಾರಿನಲ್ಲಿ ಅಷ್ಟೂ ಭಾರ ಹಿಂದಿನಿಂದ ನೂಕಿಕೊಂಡು ಬರುತ್ತದೆ, ತಡೆಯಬೇಕಾದದ್ದು ಎತ್ತೇ. ನೊಗ ಮಾತ್ರ ಹಳೆಯದೇ, ಅದೇ ಗಟ್ಟಿ ಮರದ ತೊಲೆ, ಅದೇ ಹೆಗಲು ಬಾವು. ಗಾಲಿ ಬದಲಾಯಿಸಿದವರು ನೊಗದ ಕಡೆ ನೋಡಲೇ ಇಲ್ಲ. ಬೆಂಗಳೂರಿನ ಐಐಎಂನ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಇದನ್ನೇ ವರ್ಷಗಟ್ಟಲೆ ಹೇಳುತ್ತಾ ಬಂದರು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ದೊಡ್ಡ ಹುದ್ದೆಯಲ್ಲಿದ್ದವರು ಎತ್ತಿನ ಗಾಡಿಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿದ್ದು ಆಗ ಎಷ್ಟೋ ಜನರಿಗೆ ವಿಚಿತ್ರ ಅನ್ನಿಸಿರಬೇಕು. ನನಗೆ ಮಾತ್ರ ಅವರು ಸರಿಯಾದ ಜಾಗಕ್ಕೇ ಕೈ ಇಟ್ಟರು ಅನ್ನಿಸುತ್ತದೆ.

ಸೈಕಲ್ ರಿಕ್ಷಾದ ಕಥೆ ಇನ್ನೂ ಮಜಾ. ಅಥವಾ ಬೇಜಾರು, ನೀವು ಯಾವ ಕಡೆಯಿಂದ ನೋಡುತ್ತೀರೋ ಹಾಗೆ. ಟ್ರಾಫಿಕ್ ಜಾಮ್ ಆದರೆ ಮೊದಲು ಓಡಿಸುವುದು ರಿಕ್ಷಾದವರನ್ನು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಗಾಡಿ ದಶಕಗಟ್ಟಲೆ ಬದಲಾಗಿರಲಿಲ್ಲ. ಭಾರದ ಚೌಕಟ್ಟು, ಒಂದೇ ಗೇರ್, ಏರು ಬಂದರೆ ಇಳಿದು ತಳ್ಳು. 1990ರ ದಶಕದ ಕೊನೆಗೆ ಆಗ್ರಾ, ದೆಹಲಿಯಲ್ಲಿ ಒಂದು ಯೋಜನೆ ನಡೆದು ಹಗುರವಾದ, ಗೇರ್ ಇರುವ, ಕೂರಲು ಹಿತವಾದ ರಿಕ್ಷಾ ಮಾಡಿದರು. ಒಳ್ಳೆಯ ಕೆಲಸ. 2008ರಲ್ಲಿ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ನವರು ಸೊಲೆಕ್‌ಶಾ ಅಂತ ಸೌರಶಕ್ತಿಯಿಂದ ಚಾರ್ಜ್ ಆಗುವ ಬ್ಯಾಟರಿಯ ರಿಕ್ಷಾವನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿದರು. ಅದರ ಫೋಟೊ ಎಲ್ಲಾ ಪತ್ರಿಕೆಯಲ್ಲಿ ಬಂತು. ಆದರೆ ಬೀದಿ ತುಂಬಿದ್ದು ಅದಲ್ಲ. ಬಿಡಿಭಾಗ ತಂದು ಸಣ್ಣ ಸಣ್ಣ ಶೆಡ್ಡುಗಳಲ್ಲಿ ಜೋಡಿಸಿದ, ತಗಡು ಮೈಯ, ಅಂದಚೆಂದ ಏನೂ ಇಲ್ಲದ ಇ-ರಿಕ್ಷಾ ಎಲ್ಲವನ್ನೂ ಗುಡಿಸಿಕೊಂಡು ಹೋಯಿತು. ಕಾನೂನು ಅದರ ಹಿಂದೆ ಓಡಿ ಬಂದು, 2015ರಲ್ಲಿ ಮೋಟಾರು ವಾಹನ ಕಾಯ್ದೆಯನ್ನೇ ತಿದ್ದಿ ಅದಕ್ಕೆ ಜಾಗ ಮಾಡಿಕೊಡಬೇಕಾಯಿತು.

ಯಾಕೆ ಗೆದ್ದಿತು ಅಂದರೆ ಕಾಲು ನೋಯುವುದಿಲ್ಲ. ಓಡಿಸುವವನ ತೊಡೆಯಿಂದ ಭಾರ ಪೂರ್ತಿ ಇಳಿಯಿತು, ನಾಲ್ಕು ಜನ ಕೂರುತ್ತಾರೆ, ದಿನದ ದುಡಿಮೆ ಏರಿತು. ಹಗುರ ಚೌಕಟ್ಟು, ಗೇರ್ ಅಂತ ತಜ್ಞರು ಭಾರವನ್ನು ಒಂದಿಷ್ಟು ಕಮ್ಮಿ ಮಾಡಿದ್ದರು. ಇವನಿಗೆ ಬೇಕಿದ್ದದ್ದು ತುಳಿಯುವುದೇ ಬೇಡ ಅನ್ನುವಂಥದ್ದು. ಚೆಂದ ಕಾಣುವ ಗಾಡಿಯನ್ನು ಇಷ್ಟಪಡುವ ನನ್ನಂಥವರಿಗೆ ಇದು ಸ್ವಲ್ಪ ಕಹಿಯೇ, ಆದರೂ ಒಪ್ಪಬೇಕು ಅಲ್ವಾ?

ಹಾಗಂತ ಅದು ಮುಗಿದ ವಿನ್ಯಾಸವೇನಲ್ಲ. ಅಗಲ ಕಮ್ಮಿ, ಮುಂದೆ ಒಂದೇ ಚಕ್ರ, ತಿರುವಿನಲ್ಲಿ ವಾಲುತ್ತದೆ. ಗುದ್ದಿದರೆ ತಗಡು ಮಡಚಿಕೊಳ್ಳುತ್ತದೆ. ಸೀಸದ ಬ್ಯಾಟರಿ ಬೇಗ ಸೋಲುತ್ತದೆ, ಹೊಸದು ಹಾಕಿಸುವಾಗ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಅಂದರೆ ತೊಡೆಯ ಮೇಲಿದ್ದ ಭಾರ ಜೇಬಿನ ಮೇಲೆ ಬಂತು. ಇಲ್ಲಿ ವಿನ್ಯಾಸದವರಿಗೆ ಕೆಲಸ ಬೇಕಾದಷ್ಟಿದೆ. ಹಿಂದಿನ ಚಕ್ರಗಳ ನಡುವಿನ ಅಂತರ, ಬ್ಯಾಟರಿ ಕೂರುವ ಎತ್ತರ, ವಯಸ್ಸಾದವರು ಹತ್ತಲು ಒಂದು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ, ಬ್ಯಾಟರಿಯ ಒಂದು ಸೆಲ್ ಕೆಟ್ಟರೆ ಅಷ್ಟನ್ನೇ ಬದಲಿಸುವ ವ್ಯವಸ್ಥೆ. ತಗಡಿನ ಮೇಲೆ ವಾರ್ಲಿ ಚಿತ್ರ ಬರೆಸುವುದು ಬೇಕಿದ್ದರೆ ಇದೆಲ್ಲ ಆದಮೇಲೆ ಇಟ್ಟುಕೊಳ್ಳಲಿ, ಅದೂ ಬರೆಯುವವರನ್ನೇ ಕರೆಸಿ, ಕೂಲಿ ಕೊಟ್ಟು.